ಮನೆಯ ಹಿತ್ತಿಲಿಗೆ ಬರುವ ಚಿರತೆ: ರೈತರು ತಿಳಿದಿರಬೇಕಾದ ಸಂಗತಿಗಳು

ಹಿರಿಯೂರು ಮತ್ತು ಚಿತ್ರದುರ್ಗಗಳ ನಡುವೆ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಐಮಂಗಲ, ಮಳೆ ಕಡಿಮೆ ಬೀಳುವ ಬಯಲುಸೀಮೆಯ ಒಂದು ಹೋಬಳಿ. ಶೇಂಗಾ, ರಾಗಿ, ಮೆಕ್ಕೆಜೋಳ, ಈರುಳ್ಳಿ ಇಲ್ಲಿನ ಮುಖ್ಯ ಬೆಳೆಗಳು. ನೀರಿರುವ ಕಡೆ ತೆಂಗು, ಅಡಿಕೆ, ದಾಳಿಂಬೆಯೂ ಉಂಟು. ಮಳೆ ಕೈಕೊಟ್ಟ ವರ್ಷ ಸಂಸಾರವನ್ನು ಎತ್ತಿ ಹಿಡಿಯುವುದು ಕುರಿ ಮೇಕೆಗಳು. ಹೊಲದಲ್ಲಿ ಬೀಜ ಕೂಡ ಹಿಂದಕ್ಕೆ ಬಾರದ ಕಾಲದಲ್ಲಿ ರೊಪ್ಪದಲ್ಲಿರುವ ನಾಲ್ಕು ಮರಿಗಳೇ ಮಕ್ಕಳ ಫೀಜಿಗೂ ಮನೆಯವರ ಔಷಧಿಗೂ ಆಧಾರ. ಆದುದರಿಂದ ಒಂದು ರಾತ್ರಿ ಚಿರತೆ ರೊಪ್ಪಕ್ಕೆ ನುಗ್ಗಿತೆಂದರೆ ಆ ಮನೆಗೆ ಬರಗಾಲವೇ ಬಂದಂತೆ.

ಚಿತ್ರದುರ್ಗದಿಂದ ಮಾರಿಕಣಿವೆಯವರೆಗೆ ಕಲ್ಲುಗುಡ್ಡಗಳ ಸಾಲೊಂದು ಹಬ್ಬಿದೆ. ಜೋಗಿಮಟ್ಟಿಯ ಕಾಡು ಈ ಸಾಲಿನಲ್ಲಿಯೇ ಇದೆ. ಬಂಡೆಗಳ ಪೊಟರೆ, ಕಮರ ಮತ್ತು ಜಾಲಿಯ ಕುರುಚಲು, ಗುಡ್ಡದ ಬುಡದಲ್ಲಿ ನಿಲ್ಲುವ ನೀರು ಇವೆಲ್ಲ ಚಿರತೆಗೂ ಕರಡಿಗೂ ಹೇಳಿ ಮಾಡಿಸಿದ ನೆಲೆ. ಗುಡ್ಡದ ಅಂಚಿನ ಹಟ್ಟಿಗಳಲ್ಲಿ ಚಿರತೆಯ ಸುದ್ದಿ ಹೊಸದೇನೂ ಅಲ್ಲ. ಹಿರಿಯರು ಇದನ್ನು ಕಿರುಬ ಎಂದೇ ಕರೆಯುತ್ತಾರೆ. ಕತ್ತೆಕಿರುಬವೆಂಬುದು ಬೇರೆ ಪ್ರಾಣಿ, ಅದರ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬಾರದು.

ಚಿರತೆಯ ಸ್ವಭಾವವೇನು, ಅದು ಊರಿನ ಬಳಿಗೆ ಏಕೆ ಬರುತ್ತದೆ, ಎದುರಾದಾಗ ಏನು ಮಾಡಬೇಕು, ದನಕರುಗಳನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಚಿರತೆ ಕಾಡಿನಲ್ಲಿ ಮಾತ್ರ ಇರುವ ಪ್ರಾಣಿಯೇ?

ಅಲ್ಲ. ಹುಲಿಗೆ ದೊಡ್ಡ ಕಾಡು ಬೇಕು, ಜಿಂಕೆ ಕಡವೆಗಳು ಬೇಕು. ಚಿರತೆಗೆ ಹಾಗಲ್ಲ. ಹಗಲು ಅಡಗಿಕೊಳ್ಳಲು ಒಂದಿಷ್ಟು ಮರೆ, ಕುಡಿಯಲು ನೀರು, ರಾತ್ರಿ ಹಿಡಿಯಲು ಒಂದು ನಾಯಿಯೋ ಮೊಲವೋ ಸಿಕ್ಕಿದರೆ ಸಾಕು, ಅದು ಅಲ್ಲಿಯೇ ಬಾಳುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳ ಹೊರಗೇ ಸುಮಾರು 84,000 ಚದರ ಕಿಲೋಮೀಟರು ಪ್ರದೇಶದಲ್ಲಿ ಚಿರತೆಗಳು ಇವೆ. ಇದು ರಾಜ್ಯದ ವಿಸ್ತೀರ್ಣದ ಹೆಚ್ಚು ಕಡಿಮೆ ಅರ್ಧ ಭಾಗ. 2022ರ ಗಣತಿಯ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳಿದ್ದು, ಅವುಗಳಲ್ಲಿ 1,879 ಕರ್ನಾಟಕದಲ್ಲಿವೆ. ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರಗಳ ನಂತರದ ಸ್ಥಾನ ನಮ್ಮದು.

ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ಕಾಡೆಂಬುದೇ ಇಲ್ಲದ ಬರೀ ಹೊಲಗದ್ದೆಗಳ ಕಣಿವೆಯೊಂದರಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ರಾತ್ರಿ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಇಟ್ಟು ನೋಡಿದರು. ಪ್ರತಿ 100 ಚದರ ಕಿಲೋಮೀಟರಿಗೆ ಸುಮಾರು 5 ಬೆಳೆದ ಚಿರತೆಗಳು ಅಲ್ಲಿ ಕಂಡುಬಂದವು. ಅವು ತಿಂದ ಆಹಾರದ ತೂಕದಲ್ಲಿ ಶೇಕಡ 87 ಭಾಗ ಸಾಕುಪ್ರಾಣಿಗಳದು, ಅದರಲ್ಲಿಯೂ ನಾಯಿಗಳ ಪಾಲೇ ಶೇಕಡ 39. ಅಂದರೆ ಊರಿನ ಸುತ್ತ ಬೀದಿನಾಯಿ ಹೆಚ್ಚಿದಷ್ಟೂ ಚಿರತೆಗೆ ಊಟದ ಎಲೆ ಹಾಕಿಟ್ಟಂತೆ ಎಂಬುದು ಸ್ಪಷ್ಟ.

ಸ್ವಭಾವ ಮತ್ತು ಗುರುತು

ಚಿರತೆ ಒಂಟಿಯಾಗಿ ಬಾಳುವ ಪ್ರಾಣಿ. ಒಂದಕ್ಕಿಂತ ಹೆಚ್ಚು ಕಂಡರೆ ಅವು ಸಾಮಾನ್ಯವಾಗಿ ತಾಯಿ ಮತ್ತು ಮರಿಗಳು. ಗರ್ಭದ ಅವಧಿ ಸುಮಾರು 3 ತಿಂಗಳು. ಒಂದು ಸಲಕ್ಕೆ ಸಾಮಾನ್ಯವಾಗಿ 2ರಿಂದ 3 ಮರಿಗಳು ಹುಟ್ಟುತ್ತವೆ, ಒಂದೂವರೆ ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ತಾಯಿಯ ಜೊತೆಯಲ್ಲಿಯೇ ಇರುತ್ತವೆ. ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಇದರ ಓಡಾಟ. ಮರ ಹತ್ತಬಲ್ಲದು, ಎತ್ತರದ ಗೋಡೆ ಹಾರಬಲ್ಲದು, ತನ್ನಷ್ಟೇ ತೂಕದ ಬೇಟೆಯನ್ನು ಎಳೆದೊಯ್ಯಬಲ್ಲದು. ಆದರೂ ಮನುಷ್ಯನನ್ನು ಕಂಡರೆ ಅದು ಮೊದಲು ಮಾಡುವ ಕೆಲಸ ಮರೆಯಾಗುವುದು.

ಕುರಿ ಸತ್ತಾಗ ಅದನ್ನು ಕೊಂದ ಪ್ರಾಣಿ ಯಾವುದೆಂದು ತಿಳಿಯುವುದು ಪರಿಹಾರಕ್ಕೂ ಮುಂದಿನ ಎಚ್ಚರಿಕೆಗೂ ಅಗತ್ಯ. ಈ ಗುರುತುಗಳನ್ನು ಗಮನಿಸಬೇಕು.

1. ಹೆಜ್ಜೆ: ಚಿರತೆಯ ಹೆಜ್ಜೆ ದುಂಡಗಿದ್ದು, ಸುಮಾರು ನಾಲ್ಕು ಬೆರಳಿನಷ್ಟು ಅಗಲ. ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುವುದರಿಂದ ಮಣ್ಣಿನಲ್ಲಿ ಉಗುರಿನ ಗುರುತು ಮೂಡುವುದಿಲ್ಲ. ನಾಯಿ, ತೋಳ, ಕತ್ತೆಕಿರುಬಗಳ ಹೆಜ್ಜೆಯಲ್ಲಿ ಉಗುರು ಎದ್ದು ಕಾಣುತ್ತದೆ.

2. ಗಾಯ: ಚಿರತೆ ಹೆಚ್ಚಾಗಿ ಗಂಟಲು ಅಥವಾ ಕತ್ತಿನ ಹಿಂಭಾಗಕ್ಕೆ ಬಾಯಿ ಹಾಕುತ್ತದೆ. ಕೋರೆಹಲ್ಲಿನ ಆಳವಾದ ತೂತುಗಳು ಕಾಣುತ್ತವೆ. ನಾಯಿಗಳ ಹಿಂಡು ತೊಡೆ, ಹೊಟ್ಟೆ, ಬಾಲದ ಬುಡವನ್ನು ಹರಿದು ಹಾಕುತ್ತದೆ.

3. ಎಳೆದ ಗುರುತು: ಕೊಂದ ಪ್ರಾಣಿಯನ್ನು ಪೊದೆಗೋ ಮರಕ್ಕೋ ಒಯ್ದು ತಿನ್ನುವುದು ಚಿರತೆಯ ರೂಢಿ. ತಿಂದು ಉಳಿದುದಕ್ಕೆ ಮರುರಾತ್ರಿ ಮತ್ತೆ ಬರುವುದುಂಟು.

ಮುಚ್ಚಿದ ರೊಪ್ಪದೊಳಗೆ ಸಿಕ್ಕಿಕೊಂಡ ಚಿರತೆ ಒಂದೇ ರಾತ್ರಿ ಹಲವು ಕುರಿಗಳನ್ನು ಕೊಲ್ಲಬಹುದು. ಇದು ಹಸಿವಿನಿಂದಲ್ಲ. ಕುರಿಗಳು ಓಡಲಾರದೆ ಸುತ್ತಲೂ ಬೆದರಿ ಎಗರಾಡಿದಾಗ ಅದರ ಬೇಟೆಯ ಸ್ವಭಾವ ಕೆರಳಿ ಹೀಗಾಗುತ್ತದೆ. ಅರ್ಧಂಬರ್ಧ ಭದ್ರತೆಯ ರೊಪ್ಪ ಬಯಲಿಗಿಂತ ಹೆಚ್ಚಿನ ನಷ್ಟ ತರುವುದು ಈ ಕಾರಣದಿಂದಲೇ.

ಅಪಾಯ ಎಷ್ಟು?

ಮನುಷ್ಯರ ಮೇಲೆ ಚಿರತೆ ಬೀಳುವುದು ಅಪರೂಪ. ಆದರೆ ಇಲ್ಲವೆಂದು ಹೇಳುವಂತಿಲ್ಲ. 2019ರ ಕೊನೆ ಮತ್ತು 2020ರ ಆರಂಭದಲ್ಲಿ ನೆರೆಯ ತುಮಕೂರು ಜಿಲ್ಲೆಯ ಹೆಬ್ಬೂರು, ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಮಕ್ಕಳೂ ಸೇರಿದಂತೆ ಕೆಲವರು ಚಿರತೆಗೆ ಬಲಿಯಾದರು. 2022ರ ಅಕ್ಟೋಬರಿನಿಂದ 2023ರ ಜನವರಿಯವರೆಗೆ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಸತ್ತರು. ಸಂಜೆ ಮನೆಯ ಹಿಂದಕ್ಕೆ ಹೋದವರು, ಸೌದೆಗೆ ಹೋದವರು, ಅಂಗಡಿಗೆ ಹೋದ ಹುಡುಗ, ಹೀಗೆ ದಿನದ ಸಣ್ಣ ಕೆಲಸಗಳಿಗಾಗಿ ಒಬ್ಬೊಬ್ಬರೇ ಹೊರಗೆ ಹೋದವರೇ ಇದರಲ್ಲಿ ಇದ್ದರು. ಹೆದರಿ ಕೂರಬೇಕಾಗಿಲ್ಲ, ಆದರೆ ಸಂಜೆಯ ಹೊತ್ತು, ಒಂಟಿ ನಡಿಗೆ ಮತ್ತು ಚಿಕ್ಕ ಮಕ್ಕಳು ಈ ಮೂರರ ವಿಷಯದಲ್ಲಿ ಯಾವಾಗಲೂ ಎಚ್ಚರವಿರಬೇಕು ಎಂಬುದನ್ನು ಈ ಘಟನೆಗಳು ಕಲಿಸುತ್ತವೆ.

ಬಗ್ಗಿದ ಅಥವಾ ಕುಳಿತ ಮನುಷ್ಯ ದೂರದಿಂದ ಚಿರತೆಗೆ ನಾಲ್ಕು ಕಾಲಿನ ಪ್ರಾಣಿಯಂತೆ ಕಾಣಬಹುದು. ಆದುದರಿಂದ ಕತ್ತಲಲ್ಲಿ ಬಯಲಿಗೆ ಕೂರುವುದು, ಪೊದೆಯ ಪಕ್ಕ ಬಗ್ಗಿ ಹುಲ್ಲು ಕೊಯ್ಯುವುದು, ತೊಟ್ಟಿಯ ಬಳಿ ಒಬ್ಬರೇ ಕೂತು ಪಾತ್ರೆ ತೊಳೆಯುವುದು ಅಪಾಯಕರ. ಮನೆಗೊಂದು ಶೌಚಾಲಯವಿದ್ದು ಅದನ್ನು ಬಳಸುವುದು ಆರೋಗ್ಯಕ್ಕೆ ಹೇಗೋ ಹಾಗೆ ಜೀವಕ್ಕೂ ರಕ್ಷಣೆ.

ಎದುರಾದಾಗ ಮಾಡಬೇಕಾದುದು

ಅಮೆರಿಕದ ಗುಡ್ಡಗಾಡುಗಳಲ್ಲಿ ಪ್ಯೂಮಾ ಎಂಬ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿಯಿದೆ. ಬೆಟ್ಟದ ಸಿಂಹವೆಂದೂ ಅದನ್ನು ಕರೆಯುತ್ತಾರೆ. ಅಲ್ಲಿನವರಿಗೆ ಹೇಳಿಕೊಡುವ ಪಾಠವೂ ಇಲ್ಲಿನ ಅನುಭವವೂ ಬಹುಮಟ್ಟಿಗೆ ಒಂದೇ.

1. ಓಡಬಾರದು. ಓಡುವುದು ಬೇಟೆಯ ಲಕ್ಷಣ, ಬೆನ್ನು ಕಂಡರೆ ಅಟ್ಟಿಸಿಕೊಂಡು ಬರುವುದು ಬೆಕ್ಕಿನ ಜಾತಿಯ ಗುಣ.

2. ನೆಟ್ಟಗೆ ನಿಂತು, ಕೈ ಮೇಲೆತ್ತಿ ಅಥವಾ ಟವೆಲ್ ಹರಡಿ ಹಿಡಿದು ದೊಡ್ಡದಾಗಿ ಕಾಣಬೇಕು. ಗಟ್ಟಿಯಾಗಿ ಮಾತಾಡಬೇಕು. ಕಲ್ಲಿಗಾಗಿ ಬಗ್ಗಬಾರದು.

3. ಜೊತೆಯಲ್ಲಿ ಮಗುವಿದ್ದರೆ ಬೇಗನೆ ಎತ್ತಿಕೊಳ್ಳಬೇಕು. ಮಗುವನ್ನು ಹಿಂದೆ ಬಿಟ್ಟು ಮುಂದೆ ನಡೆಯುವ ಅಭ್ಯಾಸ ಬೇಡ. ಮಕ್ಕಳು ನಡುವೆ, ದೊಡ್ಡವರು ಹಿಂದೆ ಮುಂದೆ ಇರಬೇಕು.

4. ಅದರ ಕಡೆ ಮುಖ ಇಟ್ಟುಕೊಂಡೇ ನಿಧಾನವಾಗಿ ಹಿಂದಕ್ಕೆ ಸರಿದು, ಅದಕ್ಕೆ ಹೋಗಲು ದಾರಿ ಬಿಡಬೇಕು. ದಾರಿ ಕಟ್ಟಿದ ಚಿರತೆ ಮೈಮೇಲೆ ಬರುತ್ತದೆ.

5. ಮೈಮೇಲೆ ಬಿದ್ದೇ ಬಿಟ್ಟರೆ ಕತ್ತು ಮತ್ತು ತಲೆಯನ್ನು ಕಾಪಾಡಿಕೊಂಡು, ಕೈಗೆ ಸಿಕ್ಕ ಕೋಲು, ಕುಡುಗೋಲು, ಟಾರ್ಚಿನಿಂದ ಎದುರಿಸಬೇಕು. ಸುಮ್ಮನೆ ಬಿದ್ದುಕೊಳ್ಳಬಾರದು.

6. ಗಾಯವಾದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಧನುರ್ವಾಯು ಮತ್ತು ರೇಬಿಸ್ ರೋಗಗಳ ಲಸಿಕೆ ಹಾಕಿಸಿಕೊಳ್ಳಲೇಬೇಕು. ಗಾಯ ಸಣ್ಣದೆಂದು ಅರಿಶಿನ ಮೆತ್ತಿ ಮನೆಯಲ್ಲಿ ಇರಬಾರದು.

ಈ ಭಾಗದಲ್ಲಿ ಕರಡಿಯೂ ಇರುವುದರಿಂದ ಒಂದು ಮಾತು. ಕರಡಿಯ ಕಣ್ಣು ಮಂದ, ಗಾಳಿ ಎದುರಿದ್ದರೆ ಮನುಷ್ಯನ ಸುಳಿವು ಅದಕ್ಕೆ ಸಿಗುವುದಿಲ್ಲ. ಹತ್ತಿರ ಬಂದಾಗ ಗಾಬರಿಯಿಂದ ಮೇಲೆ ಬೀಳುತ್ತದೆ. ಗುಡ್ಡದ ದಾರಿಯಲ್ಲಿ ಮಾತಾಡುತ್ತಾ, ಕೋಲಿನಿಂದ ನೆಲ ಬಡಿಯುತ್ತಾ, ಇಲ್ಲವೆ ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಹೋದರೆ ಎರಡು ಪ್ರಾಣಿಗಳೂ ಮೊದಲೇ ಸರಿದು ಹೋಗುತ್ತವೆ.

ರೊಪ್ಪವನ್ನು ಭದ್ರಪಡಿಸುವ ವಿಧಾನ

ಮುಳ್ಳುಬೇಲಿಯ ರೊಪ್ಪ ತೋಳ, ನಾಯಿಗಳಿಗೆ ತಡೆಯಾದರೂ ಚಿರತೆಗೆ ತಡೆಯಲ್ಲ. ಬೇಲಿ ಎಷ್ಟೇ ಎತ್ತರವಿರಲಿ, ಮೇಲೆ ಮುಚ್ಚಿಗೆಯಿಲ್ಲದಿದ್ದರೆ ಅದು ಹಾರಿ ಬರುತ್ತದೆ. ಬೆಳೆದ ಒಂದು ಕುರಿಗೆ ರಾತ್ರಿ ತಂಗಲು ಸುಮಾರು 10ರಿಂದ 12 ಚದರ ಅಡಿ ಸ್ಥಳ ಬೇಕು. ಈ ಲೆಕ್ಕದಲ್ಲಿ 20 ಕುರಿಗಳಿಗೆ 20 ಅಡಿ ಉದ್ದ, 12 ಅಡಿ ಅಗಲದ ರೊಪ್ಪ ಸಾಕು. ನಿರ್ಮಾಣ ಹೀಗಿರಬೇಕು.

ಮೂರು ಅಡಿ ಎತ್ತರದವರೆಗೆ ಕಲ್ಲು ಅಥವಾ ಇಟ್ಟಿಗೆಯ ಗೋಡೆ ಕಟ್ಟಿ, ಅದರ ಮೇಲೆ ಗಟ್ಟಿ ಕಂಬಗಳಿಗೆ ತಂತಿಯ ಜಾಲರಿ ಬಿಗಿಯಬೇಕು. ಜಾಲರಿಯ ಕಣ್ಣು 2 ಅಂಗುಲ ಮೀರಬಾರದು, ಮೀರಿದರೆ ಚಿರತೆ ಪಂಜ ತೂರಿಸಿ ಕುರಿಯನ್ನು ಎಳೆಯುತ್ತದೆ. ಮೇಲ್ಭಾಗಕ್ಕೆ ತಗಡು ಅಥವಾ ಅದೇ ಜಾಲರಿಯನ್ನು ಹೊದಿಸಿ, ಗೋಡೆಗೂ ಮುಚ್ಚಿಗೆಗೂ ನಡುವೆ ಸಂದು ಉಳಿಯದಂತೆ ನೋಡಿಕೊಳ್ಳಬೇಕು. ಬಾಗಿಲು ಹೊರಗಡೆ ತೆರೆಯುವಂತಿದ್ದು, ಕೆಳಗೆ ಒಂದು ಗೇಣು ಕೂಡ ಜಾಗವಿರಬಾರದು. ಹಗ್ಗದ ಗಂಟಿನ ಬದಲು ಕಬ್ಬಿಣದ ಚಿಲಕ ಹಾಕಬೇಕು. ರೊಪ್ಪದ ಮೇಲೆ ಮರದ ಕೊಂಬೆ ಬಾಗಿದ್ದರೆ ಕಡಿದು ಹಾಕುವುದು ಉತ್ತಮ. ಅಷ್ಟು ಖರ್ಚು ಒಮ್ಮೆಗೇ ಆಗದಿದ್ದರೆ ಮೊದಲು ಮುಚ್ಚಿಗೆ ಮತ್ತು ಬಾಗಿಲನ್ನು ಸರಿಪಡಿಸಿ, ಉಳಿದುದನ್ನು ಮರಿ ಮಾರಿದ ಹಣದಲ್ಲಿ ಮುಂದಿನ ವರ್ಷ ಮಾಡಿಕೊಳ್ಳಬಹುದು.

ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವ ಪದ್ಧತಿ ನಮ್ಮ ಭೂಮಿಗೆ ಬಹಳ ಉಪಯುಕ್ತ, ಅದನ್ನು ಬಿಡಬೇಕಾಗಿಲ್ಲ. ಮಂದೆಯನ್ನು ಗುಡ್ಡದ ಬುಡ ಹಾಗೂ ಹಳ್ಳದ ದಡದಿಂದ ದೂರ, ಬಯಲಿನ ನಡುವೆ ನಿಲ್ಲಿಸಬೇಕು. ಮರಿಗಳನ್ನು ನಡುವೆ ಬುಟ್ಟಿ ಕವುಚಿ ಅಥವಾ ಬಲೆಯೊಳಗೆ ಇಡಬೇಕು. ಕಾವಲಿಗೆ ಇಬ್ಬರಾದರೂ ಇದ್ದು ಬೆಂಕಿ ಹಾಕಿಕೊಳ್ಳಬೇಕು. ಕಾವಲು ನಾಯಿಯ ಕುತ್ತಿಗೆಗೆ ಮೊಳೆಗಳಿರುವ ಪಟ್ಟಿ ಕಟ್ಟಿದರೆ ನಾಯಿಯೂ ಉಳಿಯುತ್ತದೆ, ಮಂದೆಯೂ ಉಳಿಯುತ್ತದೆ. ಮನೆಯ ನಾಯಿಯನ್ನು ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಬಿಟ್ಟರೆ ಚಿರತೆಯನ್ನು ನಾವೇ ಬಾಗಿಲಿಗೆ ಕರೆದಂತಾಗುತ್ತದೆ. ಅದನ್ನು ಒಳಗೆ ಕಟ್ಟಬೇಕು.

ಬೆಳೆಯ ಜೋಡಣೆ ಮತ್ತು ಹೊಲದ ನೈರ್ಮಲ್ಯ

ಹಗಲು ಅಡಗಲು ಮರೆಯಿದ್ದ ಕಡೆ ಚಿರತೆ ತಂಗುತ್ತದೆ ಎಂದು ಮೇಲೆ ಹೇಳಿದೆ. ಮರೆ ಎಲ್ಲಿರಬೇಕು, ಎಲ್ಲಿರಬಾರದು ಎಂಬುದು ಬಹುಮಟ್ಟಿಗೆ ರೈತನ ಕೈಯಲ್ಲಿದೆ.

ಮನೆ ಮತ್ತು ರೊಪ್ಪದ ಸುತ್ತ ಕನಿಷ್ಠ 30ರಿಂದ 40 ಅಡಿಯವರೆಗೆ ಶೇಂಗಾ, ಈರುಳ್ಳಿ, ಹುರುಳಿ, ತರಕಾರಿಗಳಂಥ ಗಿಡ್ಡ ಬೆಳೆಗಳನ್ನು ಬೆಳೆಯಬೇಕು. ಮೆಕ್ಕೆಜೋಳ, ಜೋಳ, ತೊಗರಿ, ಕುದುರೆಮಸಾಲೆಯ ಬದಲು ಬೆಳೆಯುವ ಎತ್ತರದ ಮೇವಿನ ಹುಲ್ಲುಗಳನ್ನು ಅದರಾಚೆಗೆ ಹಾಕಬೇಕು. ಬೆಳೆ ಕೊಯ್ದ ನಂತರ ಸಪ್ಪೆಯ ಬಣವೆಯನ್ನು ರೊಪ್ಪದ ಗೋಡೆಗೆ ಒರಗಿಸಿ ಒಟ್ಟಬಾರದು, ಅದು ಚಿರತೆಗೆ ಏಣಿಯಾಗುತ್ತದೆ.

ಕೆರೆಯಂಗಳ, ಹಳ್ಳ, ಬದುಗಳಲ್ಲಿ ಸೀಮೆಜಾಲಿ ದಟ್ಟವಾಗಿ ಬೆಳೆದಿರುತ್ತದೆ. ಅದನ್ನು ನೆಲಮಟ್ಟಕ್ಕೆ ಕಡಿದರೆ ಮತ್ತಷ್ಟು ಕವಲೊಡೆದು ಚಿಗುರುತ್ತದೆ. ಬುಡದ ಸುತ್ತ ಮಣ್ಣು ಬಿಡಿಸಿ, ನೆಲದಿಂದ ಅರ್ಧ ಅಡಿ ಕೆಳಗೆ ಬೇರನ್ನು ಕತ್ತರಿಸಿದರೆ ಮಾತ್ರ ಅದು ಸಾಯುತ್ತದೆ. ಊರಿಗೂ ಶಾಲೆಗೂ ಹೋಗುವ ದಾರಿಯ ಎರಡೂ ಬದಿಯ ಪೊದೆಗಳನ್ನು ಗ್ರಾಮ ಪಂಚಾಯಿತಿಯ ಮೂಲಕ ಮೊದಲು ತೆಗೆಸಬೇಕು. ಗುಡ್ಡದ ಮೇಲಿನ ಕಾಡನ್ನು ಸವರುವ ಅಗತ್ಯವಿಲ್ಲ, ಅದು ಉಳಿದರೆ ಚಿರತೆ ಅಲ್ಲಿಯೇ ಉಳಿಯುತ್ತದೆ.

ಸತ್ತ ದನ, ಕೋಳಿ ಅಂಗಡಿಯ ತ್ಯಾಜ್ಯ, ಹೋಟೆಲಿನ ಎಂಜಲು ಊರಂಚಿನಲ್ಲಿ ಬಿದ್ದರೆ ನಾಯಿಗಳೂ ಹಂದಿಗಳೂ ಸೇರುತ್ತವೆ, ಅವುಗಳ ಹಿಂದೆ ಚಿರತೆ ಬರುತ್ತದೆ. ಹೆದ್ದಾರಿಯ ಬದಿಯ ಊರುಗಳಲ್ಲಿ ಈ ತೊಂದರೆ ಹೆಚ್ಚು. ಸತ್ತ ಪ್ರಾಣಿಯನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆಗೆ ಪಂಚಾಯಿತಿ ಮತ್ತು ಪಶುವೈದ್ಯ ಇಲಾಖೆಯನ್ನು ಒತ್ತಾಯಿಸಬೇಕು.

ರಾತ್ರಿ ನೀರು ಹಾಯಿಸುವವರಿಗೆ

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಬರುವ ಕಡೆ, ರೈತ ಒಬ್ಬನೇ ಕತ್ತಲಲ್ಲಿ ತೋಟಕ್ಕೆ ಹೋಗುವುದು ಅನಿವಾರ್ಯವಾಗಿದೆ. ಹಾವು ಮತ್ತು ಚಿರತೆ ಎರಡರ ಭಯವೂ ಆಗ ಇರುತ್ತದೆ. ಸಾಧ್ಯವಿದ್ದ ಮಟ್ಟಿಗೆ ಇಬ್ಬರು ಹೋಗಬೇಕು. ಹಣೆಗೆ ಕಟ್ಟುವ ದೀಪ ಇದ್ದರೆ ಕೈ ಬಿಡುವಾಗಿರುತ್ತದೆ. ಮನೆಯಿಂದಲೇ ಮೋಟರು ಹಚ್ಚುವ ಮೊಬೈಲ್ ಸ್ಟಾರ್ಟರ್ ಮತ್ತು ಹನಿ ನೀರಾವರಿ ಅಳವಡಿಸಿಕೊಂಡರೆ ರಾತ್ರಿಯ ಓಡಾಟ ಬಹಳ ತಗ್ಗುತ್ತದೆ, ನೀರೂ ಉಳಿಯುತ್ತದೆ. ಹಗಲು ಹೊತ್ತಿನಲ್ಲಿ ವಿದ್ಯುತ್ ಕೊಡಬೇಕೆಂಬ ರೈತರ ಬೇಡಿಕೆಗೆ ಇದೂ ಒಂದು ಬಲವಾದ ಕಾರಣ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಬರೆದು ಕಳಿಸಬೇಕು.

ಕಟ್ಟೆಯಿಲ್ಲದ ತೆರೆದ ಬಾವಿಗಳಿಗೆ ಎದೆಮಟ್ಟದ ಕಟ್ಟೆ ಕಟ್ಟಿಸುವುದು ಮಕ್ಕಳಿಗೂ ದನಗಳಿಗೂ ಒಳ್ಳೆಯದು. ಅಟ್ಟಿಸಿಕೊಂಡು ಬಂದ ಚಿರತೆ ಬಾವಿಗೆ ಬಿದ್ದರೆ ಕಲ್ಲು ಹೊಡೆಯದೆ, ಜನರನ್ನು ದೂರ ಸರಿಸಿ ಅರಣ್ಯ ಇಲಾಖೆಗೆ ತಿಳಿಸಬೇಕು.

ಬೋನು ಇಟ್ಟರೆ ಸಾಲದೇ?

ಚಿರತೆ ಕಂಡೊಡನೆ ಬೋನು ಇಡಿ, ಹಿಡಿದು ದೂರ ಬಿಡಿ ಎಂದು ಒತ್ತಾಯಿಸುವುದು ಸಹಜ. ಮನುಷ್ಯರ ಮೇಲೆ ಬೀಳುವ ಚಿರತೆಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಮ್ಮನೆ ಹಾದು ಹೋಗುವ ಚಿರತೆಯನ್ನು ಹಿಡಿದು ಸಾಗಿಸಿದರೆ ತೊಂದರೆ ಕೊನೆಯಾಗುವುದಿಲ್ಲ. ಖಾಲಿಯಾದ ಜಾಗಕ್ಕೆ ಬೇರೊಂದು ಚಿರತೆ ಬರುತ್ತದೆ. ಹೊಸ ಜಾಗದಲ್ಲಿ ಬಿಟ್ಟದ್ದು ದಿಕ್ಕುಗೆಟ್ಟು ಅಲೆಯುತ್ತದೆ. ಪುಣೆ ಜಿಲ್ಲೆಯ ಜುನ್ನರ್ ಭಾಗದಲ್ಲಿ 2001ರ ನಂತರ ಹೀಗೆ ಅನೇಕ ಚಿರತೆಗಳನ್ನು ಹಿಡಿದು ಕಾಡಿಗೆ ಬಿಟ್ಟಾಗ, ಬಿಟ್ಟ ಜಾಗದ ಸುತ್ತ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದವು. 2011ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯೂ ಈ ವಿಷಯದಲ್ಲಿ ಎಚ್ಚರಿಕೆ ಹೇಳಿದೆ.

ಹಂದಿಗೆಂದು ಹಾಕಿದ ಉರುಳು, ಸಿಡಿಮದ್ದು, ತಂತಿಬೇಲಿಗೆ ಹರಿಸಿದ ಕರೆಂಟು ಇವು ಚಿರತೆಗೂ ತಗಲುತ್ತವೆ. ಕಾಲು ಮುರಿದ ಚಿರತೆ ಕಾಡುಪ್ರಾಣಿ ಹಿಡಿಯಲಾರದೆ ಸುಲಭದ ಬೇಟೆಗೆ ಊರಿಗೆ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಚಿರತೆ ಸೇರಿದೆ. ಕೊಂದವರಿಗೆ 3ರಿಂದ 7 ವರ್ಷದವರೆಗೆ ಜೈಲು ಮತ್ತು ದಂಡ ಉಂಟು. ಶೇಂಗಾ, ಮೆಕ್ಕೆಜೋಳಕ್ಕೆ ನುಗ್ಗುವ ಕಾಡುಹಂದಿ, ಕೋತಿ, ನವಿಲುಗಳನ್ನು ಹಿಡಿದು ತಿನ್ನುವ ಪ್ರಾಣಿಯೂ ಇದೇ ಎಂಬುದನ್ನು ರೈತರು ಮರೆಯಬಾರದು.

ಕಟಾವಿನ ಕಾಲದಲ್ಲಿ ಹೊಲದಲ್ಲಿ ಮರಿಗಳು ಸಿಕ್ಕಿದರೆ ಮುಟ್ಟಬಾರದು, ಫೋಟೋಕ್ಕಾಗಿ ಎತ್ತಿ ಆಡಿಸಬಾರದು. ತಾಯಿ ಹತ್ತಿರದಲ್ಲಿಯೇ ಇರುತ್ತದೆ. ಆ ಭಾಗದ ಕೆಲಸ ನಿಲ್ಲಿಸಿ ಹಿಂದಕ್ಕೆ ಬಂದರೆ ರಾತ್ರಿ ಅದು ಮರಿಗಳನ್ನು ಒಯ್ಯುತ್ತದೆ.

ಚಿರತೆ ಮನೆಯೊಳಗೆ ಹೊಕ್ಕರೆ

ಜನ ಹೊರಗೆ ಬಂದು ಹೊರಗಿನಿಂದ ಬಾಗಿಲು ಹಾಕಿ, ಅರಣ್ಯ ಇಲಾಖೆಯ 1926 ಅಥವಾ ತುರ್ತು ಸೇವೆಯ 112ಕ್ಕೆ ಕರೆ ಮಾಡಬೇಕು. ಕೂಗಾಟ, ಕಲ್ಲು, ಮೊಬೈಲಿನಲ್ಲಿ ಚಿತ್ರ ತೆಗೆಯುವ ಗುಂಪು ಇವುಗಳಿಂದಲೇ ಹೆಚ್ಚಿನ ಗಾಯಗಳಾಗುತ್ತವೆ. ಹೊಲದಲ್ಲಿ ಹಗಲು ಕಂಡ ಚಿರತೆಯನ್ನು ಸುತ್ತುವರಿಯದೆ ಬಿಟ್ಟರೆ ಕತ್ತಲಾದ ಮೇಲೆ ತಾನಾಗಿ ಹೋಗುತ್ತದೆ.

ಪರಿಹಾರ ಪಡೆಯುವ ಕ್ರಮ

ಚಿರತೆಯಿಂದ ಸತ್ತ ಕುರಿ, ಮೇಕೆ, ದನಗಳಿಗೂ, ಮನುಷ್ಯರ ಗಾಯ ಅಥವಾ ಸಾವಿಗೂ ಸರ್ಕಾರ ಪರಿಹಾರ ಕೊಡುತ್ತದೆ. ಮೊತ್ತವನ್ನು ಸರ್ಕಾರ ಆಗಾಗ ಪರಿಷ್ಕರಿಸುವುದರಿಂದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಪರಿಹಾರ ಕೈತಪ್ಪುವುದು ಸಾಮಾನ್ಯವಾಗಿ ಮೊದಲ ದಿನದ ಅಜಾಗರೂಕತೆಯಿಂದ.

1. ಸತ್ತ ಪ್ರಾಣಿಯನ್ನು ಸ್ಥಳದಿಂದ ಸರಿಸಬಾರದು, ಹೂಳಬಾರದು, ಮಾರಬಾರದು.
2. ಗಾಯ, ಹೆಜ್ಜೆ, ಎಳೆದ ಗುರುತು ಮತ್ತು ಕಿವಿಯೋಲೆಯ ಫೋಟೋ ತೆಗೆದುಕೊಳ್ಳಬೇಕು. ಹೆಜ್ಜೆಯ ಮೇಲೆ ಬುಟ್ಟಿ ಕವುಚಿ ಕಾಪಾಡಬೇಕು.
3. ಅದೇ ದಿನ ಅರಣ್ಯ ಇಲಾಖೆಗೆ ತಿಳಿಸಿ ಸ್ಥಳ ಮಹಜರು ಮಾಡಿಸಬೇಕು. ಪಶುವೈದ್ಯರಿಂದ ಪ್ರಮಾಣಪತ್ರ ಪಡೆಯಬೇಕು.
4. ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿಗಳೊಂದಿಗೆ ಅರ್ಜಿ ಕೊಟ್ಟು, ಇ-ಪರಿಹಾರ ವ್ಯವಸ್ಥೆಯಲ್ಲಿ ದಾಖಲಾದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ದುರ್ಗದ ನೆಲದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪರಿಹಾರದ ಹಣ ಎಷ್ಟೇ ಬಂದರೂ ಗಬ್ಬದ ಕುರಿಯ ಬೆಲೆಗೆ ಸಮನಾಗದು, ಮಗುವಿನ ಜೀವಕ್ಕಂತೂ ಬೆಲೆಯೇ ಇಲ್ಲ. ರೊಪ್ಪದ ಮುಚ್ಚಿಗೆ, ಬಾಗಿಲಿನ ಚಿಲಕ, ದಾರಿಯ ಬೆಳಕು, ಸಂಜೆಯ ಹೊತ್ತು ಮಕ್ಕಳ ಮೇಲೆ ಒಂದು ಕಣ್ಣು, ಇಷ್ಟನ್ನು ಈ ಸುಗ್ಗಿಗೆ ಮೊದಲೇ ಪ್ರತಿಯೊಂದು ಮನೆಯವರೂ ನೋಡಿಕೊಂಡರೆ ಗುಡ್ಡದ ಚಿರತೆ ಗುಡ್ಡದಲ್ಲಿಯೂ ಹಟ್ಟಿಯ ಕುರಿ ಹಟ್ಟಿಯಲ್ಲಿಯೂ ಉಳಿಯುತ್ತವೆ.